ಹೊತ್ತಪ್ಪನ ಕಣ್ಣು

ರಥಸಪ್ತಮಿಯ ದಿನ ನೈಜೀರಿಯಾದ ಎನುಗುವಿನಲ್ಲಿ ಸೂರ್ಯನೇ ಸರಿಯಾಗಿ ಕಾಣಲಿಲ್ಲ. ಹರ್ಮಟಾನ್ ಒಣಗಾಳಿಯ ಕಾಲ. ಸಹಾರಾದ ದೂಳು ಮಂಜಿನ ಹಾಗೆ ಕವಿದು ತುಟಿಯೆಲ್ಲ ಒಡೆದಿದೆ. ಎಕ್ಕದೆಲೆ ಎಲ್ಲಿಂದ ತರಲಿ? ಬರೀ ತಲೆಗೇ ನೀರು ಹೊಯ್ದುಕೊಂಡು, ತಂಬಿಗೆ ಹಿಡಿದು ಕಾಂಪೌಂಡಿಗೆ ಇಳಿದೆ.

ಕೆಳಮನೆಯ ಎಂಟು ವರ್ಷದ ಹುಡುಗ ಬ್ರಷ್ ಕಚ್ಚಿಕೊಂಡು ನೋಡುತ್ತಿದ್ದ. "ಆಂಟಿ, ನೀವು ಅನ್ಯಾನ್ವು ಪೂಜೆ ಮಾಡ್ತೀರಾ? ಅದು ಸೈತಾನಂದು."

ಪಕ್ಕದಲ್ಲೇ ಕೂತಿದ್ದ ಅವನಜ್ಜ, ರಿಟೈರಾದ ಮೇಷ್ಟ್ರು, ಹುಡುಗನನ್ನು ಗದರಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. ಅದೇ ಹೆಚ್ಚು ನೋವಾಯಿತು.

ಸಂಜೆ ಆ ಮೇಷ್ಟ್ರು, ಪಾಪಾ (ಬೀದಿಯವರೆಲ್ಲ ಅವರನ್ನು ಕರೆಯುವುದೇ ಹಾಗೆ) ಮೆಟ್ಟಿಲು ಹತ್ತಿ ಬಂದರು. "ನ್ನೆ" ಅಂದರು. ಇಗ್ಬೊ ಭಾಷೆಯಲ್ಲಿ ತಾಯಿ. ನಮ್ಮಲ್ಲಿ ಮಗಳನ್ನೇ ಅವ್ವಾ ಅನ್ನುವುದಿಲ್ಲವೆ, ಹಾಗೆ. ಅನ್ಯಾ ಅಂದರೆ ಕಣ್ಣು, ಅನ್ವು ಅಂದರೆ ಬಿಸಿಲು, ಸೂರ್ಯ. ನ್ಸುಕ್ಕಾ ಕಡೆಯ ಪಾಪಾನ ಹಳ್ಳಿಯಲ್ಲಿ ಅವರಜ್ಜನ ಮನೆ ಮುಂದೆ ಮಣ್ಣಿನ ದಿಬ್ಬ, ಅದರ ಮೇಲೊಂದು ಮರ. ಬೆಳಗಾದರೆ ಅಜ್ಜ ನಾಮದ ಮಣ್ಣಿನಂಥ ಬಿಳಿ ನ್ಜುವಿನಿಂದ ನೆಲಕ್ಕೆ ಗೆರೆ ಎಳೆದು, ಕೋಲಾ ಕಾಯಿ ಒಡೆದು, ಮೂಡಲಿಗೆ ತಿರುಗಿ ಒಬ್ಬೊಬ್ಬ ಮಗುವಿನ ಹೆಸರೂ ಹೇಳಿ ಬೇಡಿಕೊಳ್ಳುತ್ತಿದ್ದನಂತೆ. ದೇವರಲ್ಲಿ ದೊಡ್ಡವನು ಚುಕ್ವು, ಅವನಿಗೆ ಮಾತು ಮುಟ್ಟಿಸುವವನು ಅನ್ಯಾನ್ವು. ಪಾಪಾನ ಅಪ್ಪ ಕ್ರೈಸ್ತ ದೀಕ್ಷಾಸ್ನಾನವಾದ ಮೇಲೆ ಸ್ವಂತ ಕೈಯಾರೆ ಆ ದಿಬ್ಬ ಅಗೆದು ಸಮ ಮಾಡಿದ.

"ಲಾಗೋಸಿನ ಮ್ಯೂಸಿಯಂ ಮುಂದಿರುವ ಕಂಚಿನ ಹೆಣ್ಣನ್ನು ನೋಡಿದ್ದೀಯಲ್ಲ?" ನೋಡಿದ್ದೆ. ನೆಲದಿಂದ ಚಿಮ್ಮಿ ಎದ್ದಂತಿರುವ ತೆಳುಮೈ, ತುಸು ಬಾಗಿದ ತಲೆ. 1950ರ ದಶಕದಲ್ಲಿ ಬೆನ್ ಎನ್ವೊನ್ವು ಮಾಡಿದ್ದು. ಇನ್ನೊಂದು ಎರಕವನ್ನು ನೈಜೀರಿಯಾ 1966ರಲ್ಲಿ ವಿಶ್ವಸಂಸ್ಥೆಗೇ ಕೊಟ್ಟಿದೆ. ಅದರ ಹೆಸರೂ ಅನ್ಯಾನ್ವು ಎಂದು ನನಗೆ ಗೊತ್ತೇ ಇರಲಿಲ್ಲ. "ಅದರ ಮುಂದೆ ಫೋಟೊ ತೆಗೆಸಿಕೊಳ್ಳಲು ಯಾವ ಸೈತಾನನೂ ಅಡ್ಡ ಬರಲ್ಲ ನೋಡು," ಎಂದು ಪಾಪಾ ನಕ್ಕರು. ಜೇಬಿನಲ್ಲಿ ಜಪಮಾಲೆ ಇತ್ತು.

ದಿನಾ ಬೆಳಗ್ಗೆ ಅವರು ಕೇಳುವುದು "ಇ ಬೋಲಾ ಚಿ?" ಬೆಳಗು ಮಾಡಿಕೊಂಡೆಯಾ, ಅಂತ. ಚಿ ಎಂದರೆ ಹಗಲು. ಪ್ರತಿಯೊಬ್ಬರ ಬೆನ್ನಿಗಿರುವ ಅವರವರ ದೇವರೂ ಚಿ. ಒಂದೇ ಮಾತಿನಲ್ಲಿ ಎರಡು. ನಮ್ಮ ಹೊತ್ತು ಇಲ್ಲವೆ? ಹೊತ್ತು ಹುಟ್ಟುತ್ತದೆ, ಮುಳುಗುತ್ತದೆ, ಹೊತ್ತಾಯಿತು ಎಂದು ಬಸ್ಸಿಗೂ ಓಡುತ್ತೇವೆ.

ಅಜ್ಜಿ ಹಿತ್ತಿಲಲ್ಲಿ ನಿಂತು "ಹೊತ್ತಪ್ಪಾ, ಹಟ್ಟಿ ಕಾಯೋ, ಮಕ್ಕಳ ಕಾಯೋ" ಎಂದು ಗಟ್ಟಿಯಾಗಿಯೇ ಹೇಳಿ ನೀರು ಬಿಡುತ್ತಿದ್ದಳು. ಪೇಟೆಯಲ್ಲಿ ನಾಲ್ಕು ಮಂತ್ರ ಕಲಿತು ಬಂದ ದೊಡ್ಡಪ್ಪ ಒಂದು ದಿನ, "ಇದೇನು ಅರ್ಘ್ಯವೋ, ಬಚ್ಚಲ ನೀರೋ?" ಅಂದ. ಆಮೇಲೆ ಅವಳ ತುಟಿ ಮಾತ್ರ ಅಲುಗುತ್ತಿತ್ತು.

ದೊಡ್ಡಪ್ಪ ಹಾಗಂದಾಗ ಜಗಲಿಯಲ್ಲಿದ್ದ ನಾವು ಮಕ್ಕಳೆಲ್ಲ ನಕ್ಕಿದ್ದೆವು. ನನಗಾಗ ಎಂಟೋ ಒಂಬತ್ತೋ.