ಸಿಗಾಲನ ಆರು ನಮಸ್ಕಾರ

ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿ ನೋಡುತ್ತಾರೆ. ನೋಡಲೇಬೇಕು. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಆ ಗೋಡೆಯ ಸುತ್ತ ಒಂದು ಸುತ್ತು ಹಾಕಿದರೆ ಕೈ ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಆದರೆ ಈ ಊರಿಗೆ ಇನ್ನೊಂದು ನೆನಪೂ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಗದಗದಿಂದ ಸುಮಾರು 20 ಕಿಲೋಮೀಟರ್ ದೂರದ ಈ ಊರು ಒಂದು ಕಾಲಕ್ಕೆ ಧರ್ಮವೊಳಲು. ಇಲ್ಲಿ ಬುದ್ಧನ ವಿಹಾರ, ಅಂದರೆ ಭಿಕ್ಕುಗಳ ಮಠ ಇತ್ತು, ಬೌದ್ಧರ ದೇವತೆ ತಾರಾದೇವಿಯ ವಿಹಾರವೂ ಇತ್ತು. ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ಕಾಲದ, 1095ರ ಶಾಸನ ಇದನ್ನೆಲ್ಲ ಹೇಳುತ್ತದೆ.

ಬುದ್ಧನ ವಿಹಾರ ಕಟ್ಟಿಸಿದವರು ಯಾರು ಅಂತ ಓದಿದಾಗ ನನಗೆ ಮೈ ಜುಮ್ ಅಂದಿತು. 16 ಮಂದಿ ಸೆಟ್ಟಿಗಳು! ಊರಿನ ವ್ಯಾಪಾರಿಗಳು. ತಾರಾದೇವಿಯ ವಿಹಾರ ಕಟ್ಟಿಸಿದವನೂ ವ್ಯಾಪಾರಿಯೇ, ಲೊಕ್ಕಿಗುಂಡಿಯ ಸಂಗವಯ್ಯ. ಲೊಕ್ಕಿಗುಂಡಿ ಅಂದರೆ ನಮ್ಮ ಲಕ್ಕುಂಡಿ. ಶಾಸನದಲ್ಲಿ ತಾರಾದೇವಿಯ ಸ್ತುತಿ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ನೀರು, ಪಿಶಾಚಿ, ಈ ಎಲ್ಲದರ ಭಯ ಕಳೆಯುವವಳೇ ನಿನಗೆ ನಮಸ್ಕಾರ ಅನ್ನುತ್ತದೆ ಆ ಸ್ತುತಿ. ಸರಕು ಹೇರಿಕೊಂಡು ಕಾಡು ದಾಟಿ, ಹೊಳೆ ದಾಟಿ ಹೋಗುವವನ ಎದೆಯಲ್ಲಿ ಇರುವ ಭಯಗಳೇ ಅಲ್ವಾ ಇವು?

ನಾನು ಹುಬ್ಬಳ್ಳಿಯಲ್ಲಿ, ದುರ್ಗದ ಬೈಲ್ ಹತ್ತಿರ ಅರಿಬಿ ಅಂಗಡಿ, ಅಂದರೆ ಬಟ್ಟೆ ಅಂಗಡಿ ನಡೆಸುವವನು. ಬುದ್ಧನ ಮಾತು ಅಂದರೆ ಸಂಸಾರ ಬಿಟ್ಟವರಿಗೆ, ಗಡ್ಡ ತಲೆ ಬೋಳಿಸಿಕೊಂಡು ಕಾಡಿಗೆ ಹೋದವರಿಗೆ ಅಂತ ಹೇಳುವವರು ನಮ್ಮ ಬಜಾರದಲ್ಲಿ ಜಾಸ್ತಿ. ಅವರಿಗೆಲ್ಲ ನಾನು ಈ 16 ಸೆಟ್ಟಿಗಳ ಸುದ್ದಿ ಹೇಳುತ್ತೇನೆ. ಗಲ್ಲಾದ ಮೇಲೆ ಕೂತವರೇ ಬುದ್ಧನನ್ನು ಈ ನೆಲದಲ್ಲಿ ಕೂರಿಸಿದ್ದು, ಭಿಕ್ಕುಗಳ ಊಟ ಬಟ್ಟೆಗೆ ದಾನ ಬಿಟ್ಟಿದ್ದು.

ಬುದ್ಧ ಪೂರ್ಣಿಮೆಗೆ ನಮ್ಮ ಕಡೆ ಆಗಿ ಹುಣ್ಣಿಮೆ ಅನ್ನುತ್ತಾರೆ. ಆವತ್ತು ನಾನು ಡಂಬಳಕ್ಕೆ ಹೋಗುತ್ತೇನೆ. ವಿಹಾರದ ಪೂಜೆ ನಿಂತು ಶತಮಾನಗಳೇ ಕಳೆದವು. ದೊಡ್ಡಬಸಪ್ಪನಿಗೆ ಕೈಮುಗಿದು, ಕೆರೆಯ ಕಡೆ ನೆರಳು ಹುಡುಕಿ ಕೂತು, ಸಿಗಾಲೋವಾದ ಸುತ್ತವನ್ನು, ಅಂದರೆ ಸಿಗಾಲ ಅನ್ನೋ ಹುಡುಗನಿಗೆ ಬುದ್ಧ ಹೇಳಿದ ಉಪದೇಶವನ್ನು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಅದರಲ್ಲಿ ಒಂದು ಸಾಲು ಆರಿಸಿಕೊಂಡು ಮುಂದಿನ ವರ್ಷದ ಆಗಿ ಹುಣ್ಣಿಮೆಯವರೆಗೆ ಪಾಲಿಸುವುದು ನನ್ನ ವ್ರತ. ಒಂದೇ ಸಾಲು. ಮದುವೆ ಸೀಜನ್ನಿನಲ್ಲಿ ಅಂಗಡಿ ಬಿಟ್ಟು ಹೋಗೋದಾ ಅಂತ ಅಕ್ಕಪಕ್ಕದವರು ಕೇಳುತ್ತಾರೆ. ಹೌದು, ಹೋಗುತ್ತೇನೆ.

ಈ ಸುತ್ತ ಬುದ್ಧನ ದೀರ್ಘ ಉಪದೇಶಗಳ ಸಂಗ್ರಹವಾದ ದೀಘ ನಿಕಾಯದಲ್ಲಿದೆ. ಕಥೆ ಸರಳ. ರಾಜಗೃಹದ ಹೊರಗೆ ಸಿಗಾಲ ಅನ್ನೋ ಗೃಹಸ್ಥರ ಮನೆಯ ಹುಡುಗ ಬೆಳಗ್ಗೆ ಎದ್ದು, ಒದ್ದೆ ಬಟ್ಟೆ, ಒದ್ದೆ ಕೂದಲಿನಲ್ಲಿ ನಿಂತು ದಿಕ್ಕುಗಳಿಗೆ ಕೈಮುಗಿಯುತ್ತಿದ್ದಾನೆ. ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ, ಕೆಳಗೆ, ಮೇಲೆ. ಭಿಕ್ಷೆಗೆ ಹೊರಟ ಬುದ್ಧ ನಿಂತು ಕೇಳುತ್ತಾನೆ, ಯಾಕಪ್ಪಾ ಇದು? ಅಪ್ಪ ಸಾಯುವಾಗ ಹೀಗೆ ಮಾಡು ಅಂದಿದ್ದ, ಅಪ್ಪನ ಮಾತು ನಡೆಸುತ್ತಿದ್ದೇನೆ ಅನ್ನುತ್ತಾನೆ ಹುಡುಗ.

ಇಲ್ಲಿ ಬುದ್ಧ ನಡೆದುಕೊಳ್ಳುವ ರೀತಿ ನನಗೆ ತುಂಬಾ ಹಿಡಿಸುತ್ತದೆ. ಇದೆಲ್ಲ ಮೂಢನಂಬಿಕೆ, ಬಿಡು ಅಂತ ಅವನು ಬೈಯುವುದಿಲ್ಲ. ಅಪ್ಪನ ಮೇಲಿನ ಪ್ರೀತಿಗೆ ಕೈ ಹಾಕುವುದಿಲ್ಲ. ಆರು ದಿಕ್ಕಿಗೂ ನಮಸ್ಕಾರ ಮಾಡು, ಆದರೆ ಆ ದಿಕ್ಕುಗಳು ಯಾರು ಅಂತ ತಿಳಿದು ಮಾಡು ಅನ್ನುತ್ತಾನೆ. ಪೂರ್ವ ಅಂದರೆ ತಾಯಿ ತಂದೆ. ದಕ್ಷಿಣ ಗುರುಗಳು. ಪಶ್ಚಿಮ ಹೆಂಡತಿ ಮಕ್ಕಳು. ಉತ್ತರ ಗೆಳೆಯರು. ಮೇಲಿನದು ಸಾಧು ಸಂತರು. ಕೆಳಗಿನ ದಿಕ್ಕು ನಿನ್ನ ಮನೆಯಲ್ಲಿ, ನಿನ್ನ ವ್ಯವಹಾರದಲ್ಲಿ ದುಡಿಯುವ ಆಳುಗಳು.

ಕೆಳಗಿನ ದಿಕ್ಕಿಗೂ ನಮಸ್ಕಾರ! ಇದನ್ನು ಸುಮ್ನೆ ಓದಿಕೊಂಡು ಮುಂದೆ ಹೋಗಬಾರದು. ಕೈಮುಗಿದು ನಿಂತವನು ಧಣಿ. ನಮಸ್ಕಾರ ಸಲ್ಲುತ್ತಿರುವುದು ಕೂಲಿಯವನಿಗೆ. ದೀಪಾವಳಿಯಲ್ಲಿ ನಾವು ತಕ್ಕಡಿಗೆ, ಗಜಕಟ್ಟಿಗೆಗೆ, ಲೆಕ್ಕದ ಪುಸ್ತಕಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಬಟ್ಟೆಯ ಥಾನು ಹೊತ್ತು ಅಟ್ಟಕ್ಕೆ ಏರಿಸುವ ಹುಡುಗ ಆ ಹೊತ್ತಿಗೆ ಎಲ್ಲಿ ನಿಂತಿರುತ್ತಾನೆ? ಹೊಸ್ತಿಲ ಹತ್ತಿರ, ಪ್ರಸಾದ ಹಂಚಲು ತಟ್ಟೆ ಹಿಡಿದುಕೊಂಡು.

ಈ ನಮಸ್ಕಾರ ಮಾಡುವುದು ಹೇಗೆ ಅಂತಲೂ ಬುದ್ಧ ಹೇಳಿದ್ದಾನೆ, ಐದು ಬಗೆಯಲ್ಲಿ. ಅವರ ಶಕ್ತಿ ನೋಡಿ ಕೆಲಸ ಹಚ್ಚುವುದು. ಊಟ ಮತ್ತು ಪಗಾರ ಕೊಡುವುದು. ಕಾಯಿಲೆ ಬಿದ್ದರೆ ನೋಡಿಕೊಳ್ಳುವುದು. ವಿಶೇಷ ತಿನಿಸು ಬಂದರೆ ಹಂಚಿಕೊಳ್ಳುವುದು. ಹೊತ್ತಿಗೆ ಸರಿಯಾಗಿ ಬಿಡುವು ಕೊಡುವುದು. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತು ಇದು. ನಾಲ್ಕನೆಯದನ್ನು ನೋಡಿ, ಎಷ್ಟು ಸಣ್ಣ ಸಂಗತಿ ಅನಿಸುತ್ತದೆ. ಸಣ್ಣದಲ್ಲ. ಧಾರವಾಡದ ಕಡೆಯ ಗಿರಾಕಿ ಪೇಡೆಯ ಡಬ್ಬಿ ತಂದುಕೊಟ್ಟರೆ ಅದು ಗಲ್ಲಾದ ಕೆಳಗೆ ಸೇರಿ ರಾತ್ರಿ ಮನೆಗೆ ಹೋಗುವುದು ಬಜಾರದ ವಾಡಿಕೆ. ನಾನು ಆ ಸಾಲು ಹಿಡಿದ ವರ್ಷ ಡಬ್ಬಿ ಬಂದ ಕೂಡಲೇ ಕೌಂಟರ್ ಮೇಲೆಯೇ ಬಿಚ್ಚುತ್ತಿದ್ದೆ. ಇವತ್ತಿಗೂ ಹಾಗೆಯೇ ನಡೆದಿದೆ. ಆ ಪೇಡೆ ತಿನ್ನುವ ಎರಡು ನಿಮಿಷ ಅಂಗಡಿಯಲ್ಲಿ ಎಲ್ಲರೂ ಒಂದೇ ಮನೆಯವರ ಹಾಗೆ ಮಾತಾಡುತ್ತೇವೆ.

ಬಿಡುವಿನ ಸಾಲು ಕಷ್ಟದ್ದು. ಇದಕ್ಕೆ ಹಳೆಯ ಅಟ್ಠಕಥೆ, ಅಂದರೆ ಸುತ್ತದ ವ್ಯಾಖ್ಯಾನ, ಎರಡು ಅರ್ಥ ಕೊಡುತ್ತದೆ. ದಿನವೂ ದಣಿಯದ ಹಾಗೆ ಹೊತ್ತಿಗೆ ಬಿಡಬೇಕು, ಹಬ್ಬ ಹುಣ್ಣಿಮೆಗೂ ಬಿಡಬೇಕು. ಯುಗಾದಿ, ಪಂಚಮಿ, ದೀಪಾವಳಿ ಅಂದರೆ ಅರಿಬಿ ಅಂಗಡಿಗೆ ಸುಗ್ಗಿ. ಹುಡುಗರಿಗೂ ಆಗಲೇ ಊರಿಗೆ ಹೋಗಬೇಕು. ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರುವವರು ಅವರೇ. ಈ ಸಾಲು ಹಿಡಿದ ವರ್ಷ ಎಲ್ಲರನ್ನೂ ಕೂರಿಸಿ, ಯಾರಿಗೆ ಯಾವ ಹಬ್ಬ ಮುಖ್ಯ ಅಂತ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಹೆಸರು ಬರೆದೆವು. ಮುಸ್ಲಿಂ ಹುಡುಗನೊಬ್ಬ ದೀಪಾವಳಿಗೆ ನಾನಿರ್ತೀನಿ, ರಂಜಾನಿಗೆ ನನ್ನನ್ನು ಬಿಡ್ರಿ ಅಂದ. ಅಷ್ಟೇ ಸಾಕಾಯಿತು. ಆಮೇಲೆ ಸೂಟಿಯ ಜಗಳ ಬರಲಿಲ್ಲ. ವ್ಯಾಪಾರ ಸ್ವಲ್ಪ ತಗ್ಗಿತು, ಅದನ್ನು ಮುಚ್ಚಿಡುವುದಿಲ್ಲ. ತಗ್ಗಿದರೂ ಇದು ಸರಿ ಅಂತಲೇ ನನ್ನ ನಂಬಿಕೆ.

ಇದೇ ಸುತ್ತದಲ್ಲಿ ದುಡ್ಡಿನ ಮಾತೂ ಇದೆ. ಗಳಿಕೆಯನ್ನು ನಾಲ್ಕು ಪಾಲು ಮಾಡು. ಒಂದು ಪಾಲು ಉಣ್ಣಲು ಉಡಲು, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಆಪತ್ತಿಗೆ ಕಾದಿಡು. ಜೂಜಿನ ಬಗ್ಗೆಯೂ ಇದೆ. ಗೆದ್ದರೆ ದ್ವೇಷ ಕಟ್ಟಿಕೊಳ್ಳುತ್ತೀಯ, ಸೋತರೆ ದುಡ್ಡಿಗಾಗಿ ಕೊರಗುತ್ತೀಯ ಅನ್ನುತ್ತಾನೆ ಬುದ್ಧ. ಐಪಿಎಲ್ ದಿನಗಳಲ್ಲಿ ಈ ಭಾಗವನ್ನು ಹುಡುಗರಿಗೆ ಓದಿ ಹೇಳುತ್ತೇನೆ.

ಯಾಕೆ ಒಂದೇ ಸಾಲು, ಎಲ್ಲ ಓದಿ ಎಲ್ಲ ಪಾಲಿಸಬಾರದಾ ಅಂತ ಕೇಳಬಹುದು. ಬುದ್ಧನ ಮಾತುಗಳನ್ನು ಪದ್ಯದಲ್ಲಿ ಕೂಡಿಸಿಟ್ಟ ಧಮ್ಮಪದದಲ್ಲಿ 423 ಗಾಥೆಗಳಿವೆ. ಮೊದಲ ವರ್ಗದಲ್ಲೇ ಬುದ್ಧ ಎಚ್ಚರಿಸುತ್ತಾನೆ: ಎಷ್ಟು ಪಾಠ ಒಪ್ಪಿಸಿದರೂ ಅದರಂತೆ ನಡೆಯದವನು ಬೇರೆಯವರ ದನ ಎಣಿಸುವ ಗೋವಳನ ಹಾಗೆ. ದಿನವಿಡೀ ಎಣಿಸುತ್ತಾನೆ, ಹಾಲು ಮಾತ್ರ ಅವನ ಮನೆಗಿಲ್ಲ. ನನಗೆ ಒಂದೇ ಆಕಳು ಇರಲಿ, ಅದು ನನ್ನದಾಗಿರಲಿ.

ಈಗ ನನ್ನ ಸೋದರಮಾವನ ಸಂಗತಿ ಹೇಳಬೇಕು. ಹಾವೇರಿ ಕಡೆಯ ಒಂದು ಊರಿನಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ರೈತರು ಅವರ ಗಿರಾಕಿಗಳು. ಅಂಗುತ್ತರ ನಿಕಾಯ ಅನ್ನೋ ಇನ್ನೊಂದು ಸಂಗ್ರಹದಲ್ಲಿ ಒಂದು ಪುಟ್ಟ ಸುತ್ತ ಇದೆ. ಉಪಾಸಕ, ಅಂದರೆ ಬುದ್ಧನನ್ನು ನಂಬಿದ ಗೃಹಸ್ಥ, ಮಾಡಬಾರದ ಐದು ವ್ಯಾಪಾರ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಮಾವ ಅದನ್ನು ಓದಿ, ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು. "ಹಂಗಾದ್ರ ತಮ್ಮಾ, ನಾ ಮಾರೋ ಎಣ್ಣಿ?" ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣಿ ಅಂತಲೇ ಹೇಳುವುದು.

ಅದು ಬೇರೆ, ಇದು ಬೇರೆ ಮಾವಾ ಅಂತ ಹೇಳಿ ಸಮಾಧಾನ ಮಾಡಬಹುದಿತ್ತು. ನಾನು ಹೇಳಲಿಲ್ಲ, ಅವರಿಗೂ ಅದು ಬೇಕಿರಲಿಲ್ಲ. ಅವರು ತಮ್ಮ ದಾರಿ ತಾವೇ ಕಂಡುಕೊಂಡರು. ಈಗ ಯಾರೇ ಬಂದು ಎಣ್ಣಿ ಕೇಳಲಿ, ಮೊದಲು ಪ್ರಶ್ನೆಗಳು. ಯಾವ ಬೆಳಿಗ್ರೀ? ಏನ್ ಹುಳ ಬಿದ್ದೈತಿ? ಎಷ್ಟು ಎಕರೆ? ಎಲೆ ಕಿತ್ತುಕೊಂಡು ಬಂದೀರೇನು? ಬೇಡದ ಕಡೆ ಬೇಡ ಅಂದು ವಾಪಸ್ ಕಳಿಸುತ್ತಾರೆ. ಹೊಡೆಯುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಗಾಳಿಗೆ ಎದುರಾಗಿ ನಿಲ್ಲಬೇಡಿ ಅಂತ ಹತ್ತು ಸಲ ಹೇಳುತ್ತಾರೆ.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬ ಬಂದನಂತೆ. ಎಣ್ಣಿ ಕೊಡ್ರಿ ಅಂದ. ಯಾವ ಬೆಳಿಗಪ್ಪಾ? ಯಾವುದರ ಕೊಡ್ರಿ. ಮಾವ ಏಳಲಿಲ್ಲ. ಕುಂದರು, ಚಹಾ ಬರತೈತಿ ಅಂದರು. ಅವನು ನಿಂತೇ ಇದ್ದ. ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ನೋಟುಗಳು. ಮಾವ ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. ಚಹಾ ಬಂತು. ಮಳೆಯ ಮಾತು, ಎತ್ತಿನ ಮಾತು, ಆಮೇಲೆ ಸಾಲದ ಮಾತು. ಕತ್ತಲಾಗುವ ಹೊತ್ತಿಗೆ ಅವನು ಅಳುತ್ತಿದ್ದ. ಮನೆಯವರ ನಂಬರ್ ಇಸಕೊಂಡು ಮಾವ ಫೋನ್ ಮಾಡಿದರು. ಅಣ್ಣ ಬೈಕ್ ಮೇಲೆ ಬಂದು ಕರೆದುಕೊಂಡು ಹೋದ. ಮರುದಿನ ಮಾವ ಅವನ ಊರಿಗೆ ಹೋಗಿ ಅವನನ್ನು ಆಸ್ಪತ್ರೆಯ ಡಾಕ್ಟರ್ ಹತ್ತಿರವೂ ಕರೆದೊಯ್ದರು. ಈಗ ಆ ಮನುಷ್ಯ ಪ್ರತಿ ಸುಗ್ಗಿಯಲ್ಲೂ ಮಾವನ ಮನೆಗೆ ಒಂದು ಚೀಲ ಗೋವಿನಜೋಳ ತಂದು ಹಾಕುತ್ತಾನೆ. ಬೇಡ ಅಂದರೂ ಕೇಳುವುದಿಲ್ಲ.

ಇಷ್ಟಾದರೂ ಮಾವ ತಮ್ಮ ವ್ಯಾಪಾರ ಸರಿ ಅಂತ ಹೇಳಿಕೊಳ್ಳುವುದಿಲ್ಲ. ಸುತ್ತದ ಮಾತು ಸುತ್ತದ ಮಾತೇ ಅನ್ನುತ್ತಾರೆ. ಎಣ್ಣಿಯ ಸ್ಟಾಕು ಕಡಿಮೆ ಮಾಡುತ್ತಾ ಬೀಜದ ಕಡೆ ಹೆಚ್ಚು ವಾಲುತ್ತಿದ್ದಾರೆ. ಗ್ರಂಥವನ್ನು ತಮ್ಮ ಅನುಕೂಲಕ್ಕೆ ಬಗ್ಗಿಸದೆ, ತಾವೇ ಅದರ ಕಡೆ ಇಷ್ಟಿಷ್ಟೇ ಸರಿಯುವ ಇಂಥವರನ್ನು ಕಂಡರೆ ನನಗೆ ತುಂಬಾ ಗೌರವ.

ಅದೇ ಐದು ವ್ಯಾಪಾರದ ಸುತ್ತವನ್ನು ಹಿಡಿದುಕೊಂಡು ಬೇರೆಯವರ ಕಸುಬನ್ನು ಹಳಿಯುವವರನ್ನೂ ನೋಡಿದ್ದೇನೆ. ಅವನು ಮಟನ್ ಮಾರುತ್ತಾನೆ, ಇವನು ಬಾರ್ ನಡೆಸುತ್ತಾನೆ ಅಂತ. ಇದು ನನಗೆ ಸಂಕಟ ತರುತ್ತದೆ. ಮಜ್ಝಿಮ ನಿಕಾಯ ಅನ್ನೋ ಮತ್ತೊಂದು ಸುತ್ತ ಸಂಗ್ರಹದಲ್ಲಿ ಬುದ್ಧ ಇಂಥವರ ಬಗ್ಗೆಯೇ ಹೇಳಿದ್ದಾನೆ. ಇತರರ ತಪ್ಪು ಎತ್ತಾಡಲು, ವಾದ ಗೆಲ್ಲಲು ಧಮ್ಮ, ಅಂದರೆ ಬುದ್ಧನ ಬೋಧನೆ, ಕಲಿಯುವವನು ಹಾವನ್ನು ಬಾಲ ಹಿಡಿದು ಎತ್ತಿದ ಹಾಗೆ. ಅದು ತಿರುಗಿ ಹಿಡಿದವನನ್ನೇ ಕಚ್ಚುತ್ತದೆ.

ಪ್ರಶ್ನೆ ಕೇಳುವುದು ಬೇರೆ ಮಾತು. ಅದು ಬೇಕೇ ಬೇಕು. ಹುಬ್ಬಳ್ಳಿಯಿಂದ ಹೆಚ್ಚು ದೂರವಿಲ್ಲದ ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದರೆ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ ಭಿಕ್ಕುಗಳು ಚರ್ಚೆ ಮಾಡುವುದನ್ನು ನೋಡಬಹುದು. ಉತ್ತರ ಹೇಳುವವನು ಕೂತಿರುತ್ತಾನೆ. ಕೇಳುವವನು ನಿಂತು, ಕಾಲು ಅಪ್ಪಳಿಸಿ, ಚಟ್ ಅಂತ ಚಪ್ಪಾಳೆ ಹೊಡೆದು ಪ್ರಶ್ನೆ ಎಸೆಯುತ್ತಾನೆ. ಭಾಷೆ ಗೊತ್ತಿಲ್ಲದಿದ್ದರೂ ನಿಂತು ನೋಡುತ್ತಲೇ ಇರಬೇಕು ಅನಿಸುತ್ತದೆ. ಗ್ರಂಥವನ್ನು ತಲೆಯ ಮೇಲೆ ಹೊತ್ತು ಮೆರೆಸುವ ಅದೇ ಜನ ಅದರ ಒಂದೊಂದು ಮಾತನ್ನೂ ಹೀಗೆ ತಟ್ಟಿ ನೋಡುತ್ತಾರೆ.

ನಮ್ಮಲ್ಲಿ ಹೊಸದಾಗಿ ಓದಲು ಹೊರಟವರಿಗೆ ಒಂದು ಮಾತು ಹೇಳುತ್ತೇನೆ. ಈ ಸುತ್ತಗಳೆಲ್ಲ ಇರುವ ಪಾಲಿ ಭಾಷೆಯ ಗ್ರಂಥರಾಶಿ ತಿಪಿಟಕದ ಕನ್ನಡ ಅನುವಾದಗಳು ಸಿಗುತ್ತವೆ. ಶೂನ್ಯ, ನಿರ್ವಾಣ ಅಂತ ಮೊದಲೇ ಆಳಕ್ಕೆ ಇಳಿಯಬೇಡಿ. ಸಿಗಾಲನ ಹತ್ತಿರ ಹೋಗಿ. ಅವನೂ ನಮ್ಮ ಹಾಗೆ ಮನೆ ಮಠ ಇದ್ದವನೇ.

ಈ ಸಲದ ಹುಣ್ಣಿಮೆಗೆ ಮನೆಯವಳೂ ಡಂಬಳಕ್ಕೆ ಬಂದಳು. ಸುತ್ತ ಓದಿ ಮುಗಿಸಿದ ಮೇಲೆ ಈ ವರ್ಷದ ಸಾಲು ನೀನೇ ಆರಿಸು ಅಂದೆ. ಅವಳು ಪಶ್ಚಿಮ ದಿಕ್ಕು ತೋರಿಸಿದಳು. ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದರಲ್ಲಿ ಗೌರವ ಇದೆ, ಅವಮಾನ ಮಾಡದಿರುವುದು ಇದೆ, ನಿಷ್ಠೆ ಇದೆ, ಒಡವೆ ಇದೆ. ಅಧಿಕಾರ ಬಿಟ್ಟುಕೊಡುವುದೂ ಇದೆ. "ಒಡವಿ ಆಮೇಲೆ ನೋಡೋಣ್ರಿ, ಈ ವರ್ಷ ಅಧಿಕಾರದ್ದು ಇರಲಿ" ಅಂದಳು. ಮನೆಯ ಯಜಮಾನಿಕೆ ಮೊದಲಿಂದಲೂ ಅವಳದೇ. ಅವಳು ಕೇಳಿದ್ದು ಅಂಗಡಿಯ ಲೆಕ್ಕ. ಈಗ ಸಂಜೆ ಅಂಗಡಿಗೆ ಬಂದು ಕಿರ್ದಿ ಪುಸ್ತಕ ನೋಡುತ್ತಾಳೆ, ಉದ್ರಿ ಯಾರ ಹತ್ತಿರ ಎಷ್ಟಿದೆ ಅಂತ ಬರೆದುಕೊಳ್ಳುತ್ತಾಳೆ. ಹುಡುಗರ ಪಗಾರ ತಿಂಗಳ ಮೊದಲ ದಿನವೇ ಆಗಬೇಕು ಅಂತ ಬಂದ ವಾರದಲ್ಲೇ ಹೇಳಿದಳು. ಹಾಗೆಯೇ ಕೊಡುತ್ತಿದ್ದೇವೆ.