ಉತ್ತರ ಗೊತ್ತಿದ್ರೂ ಸುಮ್ನಿರೋ ಕೆಲ್ಸ

ಶಿರಸಿ, 21 ಆಗಸ್ಟ್ 2025, ಗುರುವಾರ

ಜೂನಿಯರ್ಸಿಗೆ ನಾನು ನಡೆಸೋ ಕೆಮಿಸ್ಟ್ರಿ ಓದೋ ಗ್ರೂಪಿಗೆ ಈ ಮಳೇಲಿ ಯಾರ್ ಬರ್ತಾರೆ ಅಂದ್ಕೊಂಡೇ ಹೋದೆ, ನೋಡಿದ್ರೆ ಫಸ್ಟ್ ಇಯರ್ ಹುಡುಗ್ರು ಆಗ್ಲೇ ಬೆಂಚು ಎಳ್ಕೊಂಡು ಕೂತಿದ್ರು. ಒಬ್ಬ ಮಾತ್ರ ಚಕ್ಕರ್, ಅಂತೂ ಅಡಿಕೆ ಮರ ಹತ್ತೋ ಕೊನೆಗೌಡ ಸಿಕ್ಕಿದಾನಂತೆ, ಮಳೆ ಹೊಳವಾದ ತಕ್ಷಣ ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಸ್ಬೇಕು ಅಂತ ಊರಿಗೆ ಹೋದ. ಅದನ್ನ ಆಬ್ಸೆಂಟ್ ಅನ್ನೋಕೆ ನಂಗಂತೂ ಮನಸ್ಸಿಲ್ಲ.

ಇವತ್ತು ಸ್ಟೀರಿಯೋಕೆಮಿಸ್ಟ್ರಿ, ಅಂದ್ರೆ ಅಣುವಲ್ಲಿ ಯಾವ ಪರಮಾಣು ಯಾವ ದಿಕ್ಕಿಗಿದೆ ಅನ್ನೋದು, ಅದ್ರಲ್ಲಿ ಎಡ-ಬಲ ಕೈ ಥರ ಇರೋ ಜೋಡಿ ಅಣುಗಳಿಗೆ ಆರ್-ಎಸ್ ಅಂತ ಹೆಸರಿಡೋದು. ಬೋರ್ಡಲ್ಲಿ ಬರೆದ್ರೆ ಎಲ್ಲಾ ಚಪ್ಪಟೆ ಕಾಣತ್ತೆ, ಯಾವ ಗುಂಪು ಮುಂದಿದೆ ಯಾವ್ದು ಹಿಂದಿದೆ ತಲೆಗೇ ಹೋಗಲ್ಲ. ಅದ್ಕೆ ಲಿಂಬೆಹಣ್ಣು, ಹಿಡಿಕಡ್ಡಿ ತರೋಕೆ ಹೇಳಿದ್ದೆ. ಲಿಂಬೆಹಣ್ಣು ಕಾರ್ಬನ್ನು, ಅದಕ್ಕೆ ನಾಲ್ಕು ಕಡ್ಡಿ, ತುದೀಲಿ ಬಣ್ಣದ ಕಾಗದ. ಮೊಸರಿನ ಲ್ಯಾಕ್ಟಿಕ್ ಆಸಿಡ್ಡೇ ತಗೊಂಡ್ವಿ, ಅದ್ರ ನಾಲ್ಕು ಗುಂಪು ಓಎಚ್, ಸಿಓಓಎಚ್, ಸಿಎಚ್3, ಎಚ್. ಮೊದ್ಲು ಇವಕ್ಕೆ ಒಂದರಿಂದ ನಾಲ್ಕು ನಂಬರ್ ಕೊಡ್ಬೇಕು.

ಹುಲೇಕಲ್ ಕಡೆಯಿಂದ ಬರೋ ಹುಡುಗಿ ಸೀದಾ ಸಿಓಓಎಚ್‌ಗೆ ಒಂದನೇ ನಂಬರ್ ಕೊಟ್ಲು, "ಎರಡೆರಡು ಆಕ್ಸಿಜನ್ ಇದ್ಯಲ್ಲ ಅಕ್ಕ, ದೊಡ್ಡ ಗುಂಪು". ಸರಿ ಉತ್ತರ ನನ್ನ ನಾಲಿಗೆ ತುದೀಲಿತ್ತು, ನುಂಗ್ಕೊಂಡೆ, ಅದನ್ನ ಅವ್ರೇ ಕಂಡ್ಕೋಬೇಕಲ್ವಾ. ಎಲ್ಲರೂ ನನ್ನ ಮುಖ ನೋಡಿದ್ರು, ನಾನು ಬನವಾಸಿ ಹುಡುಗನ ಕಡೆ ತಿರುಗಿ "ನೀ ಏನಂತೀಯಾ" ಅಂದೆ. ಅವ್ನು ಲಿಂಬೆಹಣ್ಣು ತಿರುಗ್ಸಿ ತಿರುಗ್ಸಿ ನೋಡಿ, "ಹಣ್ಣಿಗೆ ತಾಗ್ಕೊಂಡಿರೋದು ಯಾವ ಪರಮಾಣು ಅಂತ ಮೊದ್ಲು ನೋಡ್ಬೇಕಲ್ವೇನೆ ಮಾರಾಯ್ತಿ, ಯಾವುದ್ರ ಪರಮಾಣು ಸಂಖ್ಯೆ ಜಾಸ್ತಿಯೋ ಅದೇ ಒಂದನೇದು, ಓಎಚ್‌ನಲ್ಲಿ ಆಕ್ಸಿಜನ್ 8, ಸಿಓಓಎಚ್‌ನಲ್ಲಿ ಕಾರ್ಬನ್ 6" ಅಂದ. ಅವ್ಳು ಬಿಡ್ಲಿಲ್ಲ, "ಹಂಗಾದ್ರೆ ಸಿಓಓಎಚ್, ಸಿಎಚ್3 ಎರಡ್ರಲ್ಲೂ ಕಾರ್ಬನ್ನೇ, ಈಗೇನ್ ಮಾಡ್ತೀಯಾ?" ಅಂತ ಕೇಳಿ, ಅವ್ನು ಬಾಯಿ ತೆಗೆಯೋ ಮೊದ್ಲೇ ತಾನೇ "ಓ, ಆಗ ಅದ್ರ ಆಚೆಗಿನ ಪರಮಾಣು ನೋಡೋದು, ಅಲ್ಲಿ ಆಕ್ಸಿಜನ್, ಇಲ್ಲಿ ಬರೀ ಹೈಡ್ರೋಜನ್" ಅಂದ್ಲು. ನಂಗೆ ಕುಣಿಯೋದೊಂದು ಬಾಕಿ. ಆಮೇಲೆ ಎಚ್ ಕಡ್ಡಿ ಆಚೆ ಮುಖ ಮಾಡಿ ಹಿಡಿದು 1-2-3 ಗಡಿಯಾರದ ಮುಳ್ಳಿನ ಹಾಗೇ ಸುತ್ತಿದ್ರೆ ಆರ್, ಉಲ್ಟಾ ಸುತ್ತಿದ್ರೆ ಎಸ್, ಅದು ಎರಡೇ ನಿಮಿಷದ ಕೆಲ್ಸ ಆಯ್ತು.

ಸ್ಟಾಫ್ ರೂಮಲ್ಲಿ ಒಬ್ರು "ಏನಮ್ಮ, ನಿನ್ನ ದಡ್ಡರ ಕ್ಲಾಸ್ ಹೆಂಗಿದೆ" ಅಂತ ಕೇಳ್ತಾರೆ, ತಮಾಷೆಗೇ ಇರ್ಬೋದು, ಆದ್ರೂ ಸಿಟ್ಟು ಬರತ್ತೆ. ಹಂಗೆ ಬೋರ್ಡ್ ತಗಲಾಕಿದ್ರೆ ಯಾವ ಹುಡುಗ ಬರ್ತಾನೆ ಹೇಳಿ? 1973ರಲ್ಲಿ ಅಮೆರಿಕದ ಮಿಸೌರಿ ಯುನಿವರ್ಸಿಟಿಯ ಕನ್ಸಾಸ್ ಸಿಟಿ ಕ್ಯಾಂಪಸ್ಸಲ್ಲಿ ಡಿಯಾನಾ ಮಾರ್ಟಿನ್ ಅನ್ನೋರು ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಅಂತ ಇಂಥದ್ದೇ ಓದೋ ಗ್ರೂಪ್ ಶುರು ಮಾಡಿದಾಗ ಗುರುತು ಹಾಕಿದ್ದು ಹುಡುಗ್ರನ್ನಲ್ಲ, ಕಷ್ಟದ ಪೇಪರನ್ನ, ಯಾವುದ್ರಲ್ಲಿ ಜಾಸ್ತಿ ಜನ ಫೇಲ್ ಆಗ್ತಾರೋ ಬಿಟ್ಟು ಹೋಗ್ತಾರೋ ಅದನ್ನ. ಆ ಪೇಪರ್ ತಗೊಂಡವ್ರು ಯಾರು ಬೇಕಾದ್ರೂ ಬರ್ಬೋದು, ರ‍್ಯಾಂಕ್ ಬರೋವ್ನೂ ಸೈತ. ನಡೆಸೋದು ಅದೇ ಪೇಪರ್ ಚೆನ್ನಾಗಿ ಪಾಸ್ ಮಾಡಿದ ಸೀನಿಯರ್, ಅವ್ರು ಮತ್ತೆ ಆ ಕ್ಲಾಸಲ್ಲಿ ಕೂತು ನೋಟ್ಸ್ ಬೇರೆ ಬರೀಬೇಕು. ಅಮೆರಿಕದ್ದೇ ಬರ್ಕ್ಲಿ ಯುನಿವರ್ಸಿಟಿಯಲ್ಲಿ ಯೂರಿ ಟ್ರೈಸ್‌ಮನ್ ಅನ್ನೋ ಗಣಿತದ ಮೇಷ್ಟ್ರು ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳ್ತಿದ್ದ ಕಪ್ಪು ಹುಡುಗ್ರನ್ನ ಗಮನಿಸಿದ್ರು, ಪಾಪ ಕಷ್ಟಪಟ್ಟು ಓದ್ತಿದ್ರು, ಆದ್ರೆ ಒಬ್ಬೊಬ್ರೇ. ಚೀನೀ ಮೂಲದ ಹುಡುಗ್ರು ಓದ್ತಿದ್ದಿದ್ದು ಒಟ್ಟಿಗೆ. ಆಮೇಲೆ ಆ ಮೇಷ್ಟ್ರು ಮಾಡಿದ ಗುಂಪುಗಳಲ್ಲಿ ಸುಲಭದ ಲೆಕ್ಕ ಕೊಡ್ಲೇ ಇಲ್ಲ, ಇನ್ನೂ ಕಷ್ಟದ್ದೇ ಕೊಟ್ರು. ಇದು ನಂಗೆ ತುಂಬಾ ಇಷ್ಟ ಆದ ಭಾಗ.

ಒಂದ್ ತಕರಾರೂ ಇದೆ, ಮಾರ್ಕ್ಸ್ ಜಾಸ್ತಿ ಬಂದ್ರೆ ಗ್ರೂಪಿಂದಾನೇ ಬಂತು ಅಂತ ಹೆಂಗ್ ಹೇಳೋದು, ಇಷ್ಟು ಮಳೇಲಿ ತಾವಾಗೇ ಬರೋವ್ರು ಹೆಂಗೂ ಓದೋವ್ರೇ ಅಲ್ವಾ. ನಿಜಕ್ಕೂ ಬರಬೇಕಾದವ್ರು ಕೊನೇ ಬಸ್ ನೆಪ ಹೇಳಿ ಜಾರ್ಕೊಳ್ತಾರೆ. ಅದ್ಕೆ ಮಧ್ಯಾಹ್ನ ಊಟದ ಬಿಡುವಲ್ಲೇ ಮಾಡೋಣ ಅಂತ ಎಚ್ಓಡಿ ಹತ್ರ ರೂಮ್ ಕೇಳಿದೀನಿ.

ಮುಂದಿನ ವಾರ ಚೌತಿ, ರಜೆ. ಅದಾದ್ಮೇಲೆ ಹುಣಸೆಹಣ್ಣಿನ ಟಾರ್ಟಾರಿಕ್ ಆಸಿಡ್, ಅದ್ರಲ್ಲಿ ಕೈರಲ್ ಕಾರ್ಬನ್, ಅಂದ್ರೆ ನಾಲ್ಕು ಬೇರೆ ಬೇರೆ ಗುಂಪು ತಾಗ್ಕೊಂಡಿರೋ ಕಾರ್ಬನ್, ಎರಡಿದೆ. ಬೋರ್ಡಿಗೆ ಹುಲೇಕಲ್ ಹುಡುಗೀನೇ ನಿಲ್ಲೋದು ಅಂತ ತೀರ್ಮಾನ ಆಗಿದೆ, ಅವ್ಳು ಈಗ್ಲೇ "ಲಿಂಬೆಹಣ್ಣಿನ ದುಡ್ಡು ಯಾರ್ ಕೊಡ್ತಾರೆ ಅಕ್ಕ" ಅಂತ ಕೇಳಿದಾಳೆ.