ಕೈಗೆ ಎಟುಕದ ದಾಸವಾಳ

"ಅಲ್ಲಮ್ಮಾ, ದಾಸವಾಳ ಒಳಗೆ ಹಾಕಿಬಿಟ್ಟಿದ್ದೀರಲ್ಲ. ಕೈಗೆ ಎಟುಕೋ ಹಾಗೆ ನೆಡಬಾರದಿತ್ತಾ?"

ಮಂಗಳವಾರ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಬಾಗಿಲು ತೆಗೆದರೆ ಕಾಂಪೌಂಡಿನ ಆಚೆ ಹೂವಿನ ಅಂಕಲ್, ಅದೇ ನಮ್ಮ ಗಿಡದ ಹೂವು ಕಿತ್ತುಕೊಂಡು ಹೋಗುತ್ತಿದ್ದವರು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. ಮಗನ ಮನೆಗೆ ಹೋಗಿದ್ದವರು ವರ್ಷದ ಮೇಲೆ ವಾಪಸ್ ಬಂದಿದ್ದಾರೆ. ಚೆನ್ನಾಗಿದ್ದೀರಾ ಅಂತಲೂ ಕೇಳಲಿಲ್ಲ, ನೇರ ದೂರು. ನಾನೇನು ಹೇಳಿದೆ ಗೊತ್ತಾ? "ಸಾರಿ ಅಂಕಲ್" ಎಂದೆ! ನನ್ನ ಅಂಗಳ, ನನ್ನ ಗಿಡ, ನಾನೇ ಸಾರಿ. ಆಮೇಲೆ ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಮಾತು ಕಿವಿಯಲ್ಲಿ.

ಕಳೆದ ವರ್ಷ ಮನೆಗೆ ಬಣ್ಣ ಹೊಡೆಸಿದಾಗ ಮುಂದಿನ ಜಾಗವನ್ನೂ ಚೆಂದ ಮಾಡೋಣ ಅನ್ನಿಸಿತು. ಜಾಗ ಅಂದರೆ 20 ಅಡಿ ಉದ್ದ, 8 ಅಡಿ ಅಗಲ. ಮೈಸೂರಿನ 30-40 ಸೈಟಿನಲ್ಲಿ ಅಷ್ಟು ಉಳಿಸಿದ್ದೇ ಹೆಚ್ಚು. ಕಾಂಪೌಂಡಿಗೆ ಒರಗಿದ್ದ ಹಳೇ ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ಹುಳ ಹತ್ತಿ ಎಲೆಯೆಲ್ಲ ಮುರುಟಿತ್ತು. ಅದನ್ನು ತೆಗೆಸಿ, ಚೆನ್ನಾಗಿದ್ದ ಒಂದು ಕೊಂಬೆಯನ್ನು ಕುಂಡದಲ್ಲಿ ಚಿಗುರಿಸಿದೆ.

"ಒಂದೊಂದು ಅಡಿಗೆ ಗಿಡ ಹಾಕಿ ಮೇಡಂ, ತುಂಬಿದ ಹಾಗೆ ಕಾಣತ್ತೆ" ಎಂದ ನರ್ಸರಿಯವನು. ಅವನಿಗೆ ಮಾರಬೇಕಲ್ಲ! ತರುವಾಗ ಪಾಪದ ಹಾಗೆ ಕಾಣುವ ಗಿಡ ಎರಡೇ ವರ್ಷಕ್ಕೆ ಪಕ್ಕದ್ದರ ಮೈಮೇಲೆ ಬೀಳುತ್ತದೆ. ಗಿಡ್ಡ ಇಕ್ಸೋರಾಗೆ, ಅದೇ ನಮ್ಮೂರ ಕೇಪಳಕ್ಕೆ, 2 ಅಡಿ ಬಿಟ್ಟೆ. ರಸ್ತೆಬದಿಯ ಬೇವಿನ ಮರದ ಅರೆನೆರಳಿಗೆ ನಂದಿಬಟ್ಟಲು, ಅದು ಬಿಸಿಲು ಸ್ವಲ್ಪ ಕಮ್ಮಿಯಾದರೂ ಸಹಿಸುತ್ತದೆ. ಕ್ರೋಟನ್ ಹಾಗಲ್ಲ, ಬಿಸಿಲು ಸಿಗದಿದ್ದರೆ ಕೆಂಪು, ಹಳದಿ ಎಲ್ಲ ಮಂಕಾಗಿ ಹಸಿರಾಗಿ ಕೂರುತ್ತದೆ. ಕಣಗಿಲೆ ಮಾತ್ರ ಬೇಡವೇ ಬೇಡ ಎಂದೆ. ಬೇರಿನಿಂದ ಹೂವಿನವರೆಗೂ ವಿಷ. ಪಕ್ಕದ ಮನೆ ಮಗುವೋ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ.

ಇನ್ನು ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಎಲ್ಲರೂ ಹೇಳುವ ಲೆಕ್ಕ. ಹಾಗಾಗಿ ದಾಸವಾಳ ಮನೆ ಗೋಡೆಯ ಪಕ್ಕಕ್ಕೆ ಹೋಯಿತು. ಅಂಕಲ್ ಕೈಗೆ ಸಿಗದಿರಲಿ ಅಂತಲೂ ಇತ್ತಾ? ಸ್ವಲ್ಪ ಇತ್ತು. ಮನುಷ್ಯ ಒಳ್ಳೆಯವರೇ, ಆದರೆ ಮೊಗ್ಗನ್ನೂ ಬಿಡುತ್ತಿರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಜೋರಾಗಿ ನಕ್ಕಳು. "ಎತ್ತರದ್ದು ಹಿಂದೆ ಅಂದ್ರೆ ಯಾರಿಗೆ ಹಿಂದೆ? ನೀನು ರಸ್ತೇಲಿ ಹೋಗೋರಿಗೆ ಅಂತಲೇ ಜೋಡಿಸಿದ್ದೀಯ. ಅವರು ಕೇಳಿದ್ರೆ ತಪ್ಪೇನೇ?"

ಕಿಟಕಿಯಿಂದ ನೋಡಿದೆ. ನಿಜ, ದಾಸವಾಳದ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಸಂಜೆ ಗೇಟಿನ ಹೊರಗೆ ನಿಂತು ನೋಡಿದೆ. ಬಹಳ ಚೆಂದ. ಆದರೆ ನಾನು ದಿನಕ್ಕೆ ಎಷ್ಟು ಸಲ ಅಲ್ಲಿ ನಿಲ್ಲುತ್ತೇನೆ? ಇಷ್ಟು ಅಡಿ, ಅಷ್ಟು ಬಿಸಿಲು ಎಂದು ಲೆಕ್ಕ ಹಾಕಿದವಳು ನೋಡುವವರು ಯಾರು ಅಂತ ಯೋಚಿಸಿಯೇ ಇರಲಿಲ್ಲ. ಹೋಗಿಬರುವವರು ನೋಡಲಿ, ಆದರೆ ಮುಟ್ಟದಿರಲಿ ಅನ್ನುವ ಆಸೆ ಬೇರೆ.

ಊರಲ್ಲಿ ಅಜ್ಜಿ ದಾಸವಾಳವನ್ನು ಬೇಲಿಗೇ ನೆಟ್ಟಿದ್ದರು. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುತ್ತದೆ, ಯಾರೋ ದೇವರಿಗೆ ಏರಿಸಲಿ ಬಿಡು ಎನ್ನುತ್ತಿದ್ದರು. ಆ ಗಿಡವೂ ಯಾರದೋ ಬೇಲಿಯಿಂದ ಕೊಂಬೆ ಮುರಿದು ತಂದದ್ದೇ. ಆದರೂ ಮೊಗ್ಗು ಕೀಳೋದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ?

ಇವತ್ತು ಬೆಳಿಗ್ಗೆ ಮತ್ತೆ ಗೇಟಿನ ಹತ್ತಿರ ಸದ್ದು. ಅಂಕಲ್ ಕೈಯಲ್ಲಿ ಕವರಿನ ಜೊತೆ ಈ ಸಲ ಒಂದು ದೋಟಿಯೂ ಇತ್ತು.